ಹೊಟ್ಟೆ ತುಂಬಿಸುವ ನಾಲ್ಕು ನಾಯಕರು

ಮೇ ತಿಂಗಳ ಒಂದು ಬೆಳಿಗ್ಗೆ, ಕೆನಡಾದ ಪೆಂಟಿಕ್ಟನ್ ಊರಿನಲ್ಲಿ ನನ್ನ ಮಗಳ ಕೈಗೆ ಒಂದು ಪುಟ್ಟ ಬಕೆಟ್ ಕೊಟ್ಟರು. ಒಳಗೆ ಕಿರುಬೆರಳಿಗಿಂತ ಚಿಕ್ಕ ಸಾಲ್ಮನ್ ಮೀನಿನ ಮರಿಗಳು. ಮೊದಲು ಇಲ್ಲಿನ ಮೂಲನಿವಾಸಿ ಹಿರಿಯರೊಬ್ಬರು ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಹೇಳಿದರು. ತಮಟೆಯಂಥ ವಾದ್ಯ ಬಾರಿಸಿ ಹಾಡಿದರು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಗ್ಗಿ ಮರಿಗಳನ್ನು ನೀರಿಗೆ ಬಿಟ್ಟರು.

ನಾನು ಹೊನ್ನಾವರದ ಕಡೆಯವಳು. ಮೀನು ಹಿಡಿಯುವುದು, ಮಾರುವುದು, ಪಳದಿ ಮಾಡುವುದು ಎಲ್ಲ ನೋಡುತ್ತಲೇ ಬೆಳೆದೆ. ಆದರೆ ಮೀನಿಗೆ ಹಾಡು ಹೇಳಿ ಬೀಳ್ಕೊಡುವುದನ್ನು ಅವತ್ತೇ ಮೊದಲು ನೋಡಿದ್ದು. ಕಣ್ಣು ತುಂಬಿ ಬಂತು.

ನಾವಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಳನಾಡಿನಲ್ಲಿ, ಕೆಲೋನಾದಲ್ಲಿ. ಊರಿನ ಎದುರಿಗೆ 135 ಕಿಲೋಮೀಟರ್ ಉದ್ದದ ಓಕನಾಗನ್ ಸರೋವರ. ಸುತ್ತ ಸೇಬು, ಚೆರ್ರಿ, ದ್ರಾಕ್ಷಿ ತೋಟಗಳು. ಈ ನೆಲ ಯಾವ ಒಪ್ಪಂದದಲ್ಲೂ ಬಿಟ್ಟುಕೊಡದ ಓಕನಾಗನ್ ಎಂಬ ಮೂಲನಿವಾಸಿ ಜನರದ್ದು. ಅವರು ತಮ್ಮನ್ನು ಸಿಲ್ಖ್ ಅಂತ ಕರೆದುಕೊಳ್ಳುತ್ತಾರೆ. ಆ ಪದದ ಒಳಗೆ ಎಳೆಗಳನ್ನು ಹೊಸೆದು ಒಂದು ಹುರಿ ಮಾಡುವ ಅರ್ಥ ಇದೆಯಂತೆ. ಕೇಳಿದ ಕೂಡಲೇ ನನಗೆ ನಮ್ಮೂರಿನ ಕತ್ತದ ಹಗ್ಗ ನೆನಪಾಯಿತು. ಒಂದೊಂದು ನಾರು ಬಿಡಿಯಾಗಿದ್ದರೆ ಎಳೆದರೆ ಸಾಕು, ಕಿತ್ತು ಬರುತ್ತದೆ. ಹೊಸೆದ ಮೇಲೆ ದೋಣಿಯನ್ನೇ ಹಿಡಿದು ನಿಲ್ಲಿಸುತ್ತದೆ.

ಆ ಹಗ್ಗವನ್ನು 1846ರಲ್ಲಿ ಬೇರೆಯವರು ಮಧ್ಯಕ್ಕೆ ಕತ್ತರಿಸಿದರು. ಬ್ರಿಟನ್ ಮತ್ತು ಅಮೆರಿಕ ಸೇರಿ 49ನೇ ಅಕ್ಷಾಂಶದ ಮೇಲೆ ಗಡಿ ಎಳೆದವು. ಅಣ್ಣ ಈ ಕಡೆ, ತಂಗಿ ಆ ಕಡೆ. ಹೆಸರಿನ ಕಾಗುಣಿತ ಕೂಡ ಎರಡಾಯಿತು. ಇಲ್ಲಿ ಓಕನಾಗನ್, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಓಕನೋಗನ್. ಆದರೂ ಇವತ್ತಿನ ಓಕನಾಗನ್ ನೇಷನ್ ಅಲೈಯನ್ಸ್ ಅನ್ನುವ ಒಕ್ಕೂಟದಲ್ಲಿ ಕೆನಡಾದ ಸಮುದಾಯಗಳ ಜೊತೆ ಗಡಿಯಾಚೆಯ ಕಾಲ್ವಿಲ್ ಜನರೂ ಇದ್ದಾರೆ.

ಮೀನಿಗೆ ಯಾಕಿಷ್ಟು ಗೌರವ ಅಂತ ಕೇಳಿದಾಗ ಒಂದು ಕಥೆ ಹೇಳಿದರು. ಮನುಷ್ಯರು ಭೂಮಿಗೆ ಬರುವ ಮುಂಚಿನ ಮಾತು. ಬರುವವರು ಏನು ತಿಂದು ಬದುಕುತ್ತಾರೆ ಅಂತ ನಾಲ್ಕು ನಾಯಕರು ಸಭೆ ಸೇರಿದರು. ಕರಡಿ, ಸಾಲ್ಮನ್ ಮೀನು, ಕಹಿಬೇರು, ಸಾಸ್ಕಟೂನ್ ಹಣ್ಣು. ನೆಲದ ಮೇಲಿನ ಪ್ರಾಣಿಗಳಿಗೆಲ್ಲ ಕರಡಿ ಹಿರಿಯ. ನೀರಿನದಕ್ಕೆಲ್ಲ ಸಾಲ್ಮನ್. ಮಣ್ಣಿನೊಳಗೆ ಬೆಳೆಯುವುದಕ್ಕೆ ಕಹಿಬೇರು, ಮಣ್ಣಿನ ಮೇಲೆ ಬೆಳೆಯುವುದಕ್ಕೆ ಸಾಸ್ಕಟೂನ್. ತುಂಬಾ ಹೊತ್ತು ಯೋಚಿಸಿ ಕೊನೆಗೆ ಕರಡಿ, ನನ್ನ ಜೀವವನ್ನೇ ಕೊಡುತ್ತೇನೆ ಎಂದಿತು. ಉಳಿದವರೂ ಒಪ್ಪಿದರು. ಕರಡಿ ಮಲಗಿ ಪ್ರಾಣ ಬಿಟ್ಟಿತು. ಅದನ್ನು ಎಬ್ಬಿಸಲು ಒಬ್ಬೊಬ್ಬರಾಗಿ ಹಾಡಿದರು, ಆಗಲಿಲ್ಲ. ಕೊನೆಗೆ ಒಂದು ನೊಣ ಬಂದು ಕರಡಿಯ ಮೈಮೇಲೆ ಕೂತು ಹಾಡಿತು. ಕರಡಿ ಎದ್ದಿತು.

ನೊಣ! ಅಷ್ಟು ದೊಡ್ಡವರ ನಡುವೆ ಅದರ ಹಾಡೂ ಬೇಕಾಯಿತು. ಈ ಕಥೆಯನ್ನು ಎಷ್ಟು ಸಲ ನೆನಪಿಸಿಕೊಂಡರೂ ನನಗೆ ಸಾಲದು.

ಇದು ಬರೀ ಕಥೆಯಾಗಿ ಉಳಿದಿಲ್ಲ. ವಸಂತದಲ್ಲಿ ಕಹಿಬೇರು ಅಗೆಯುತ್ತಾರೆ, ಹೂ ಬಿಡುವ ಮುಂಚೆಯೇ. ಮೇಲಿನ ಸಿಪ್ಪೆ ಸುಲಿದರೆ ಒಳಗೆ ಬೆಳ್ಳಗಿರುತ್ತದೆ. ಬೇಸಿಗೆಗೆ ಸಾಸ್ಕಟೂನ್, ನೇರಳೆ ಬಣ್ಣದ, ಬಟಾಣಿ ಗಾತ್ರದ ಸಿಹಿ ಹಣ್ಣು. ಅದನ್ನು ಚಳಿಗಾಲಕ್ಕೆ ಒಣಗಿಸಿ ಇಡುತ್ತಾರೆ. ಮೊದಲ ಬೇರಿಗೂ, ಮೊದಲ ಹಣ್ಣಿಗೂ, ಮೊದಲ ಮೀನಿಗೂ ಪ್ರಾರ್ಥನೆ ಇದೆ. ಅವರಿಗೆ ಊಟ ಬೇರೆ, ಪೂಜೆ ಬೇರೆ ಅಲ್ಲ.

ಹಾಗಾಗಿ ಮೀನು ಬರುವುದು ನಿಂತಾಗ ಕಳೆದುಹೋದದ್ದು ಆಹಾರ ಮಾತ್ರ ಅಲ್ಲ. ಸಾಕೈ ಅನ್ನುವ ಜಾತಿಯ ಸಾಲ್ಮನ್ ಪೆಸಿಫಿಕ್ ಸಾಗರದಿಂದ ಕೊಲಂಬಿಯಾ ನದಿ ಹತ್ತಿ, ಒಂಬತ್ತು ಅಣೆಕಟ್ಟು ದಾಟಿ, ಸಾವಿರ ಕಿಲೋಮೀಟರಿಗೂ ಜಾಸ್ತಿ ಈಜಿ ಇಲ್ಲಿಗೆ ಬರಬೇಕು. ಇಲ್ಲಿ ನೀರಾವರಿಗೆ ಕಟ್ಟಿದ ಒಡ್ಡುಗಳು ಬೇರೆ. 1950ರ ದಶಕದಲ್ಲಿ ಪ್ರವಾಹ ತಡೆಯಲು ಇಲ್ಲಿನ ಓಕನಾಗನ್ ನದಿಯನ್ನೇ ಕಾಲುವೆಯ ಹಾಗೆ ನೇರ ಮಾಡಿದರು. 1990ರ ದಶಕದಲ್ಲಿ ಕೆಲವು ವರ್ಷ ಬಂದದ್ದು ಬರೀ ಕೆಲವು ಸಾವಿರ ಮೀನು. ಸಿಲ್ಖ್ ಜನ ಸುಮ್ನೆ ಕೂರಲಿಲ್ಲ. ಸರ್ಕಾರದ ಜೊತೆ, ವಿಜ್ಞಾನಿಗಳ ಜೊತೆ, ಗಡಿಯಾಚೆಯ ವಿದ್ಯುತ್ ಕಂಪನಿಗಳ ಜೊತೆ ಪಟ್ಟು ಬಿಡದೆ ಮಾತಾಡಿದರು. ಮೀನಿಗೆ ಬೇಕಾದ ಹಾಗೆ ನೀರು ಬಿಡುವ ಲೆಕ್ಕ ಹಾಕಿಸಿದರು. 2009ರಲ್ಲಿ ಮ್ಯಾಕಿಂಟೈರ್ ಒಡ್ಡಿನಲ್ಲಿ ಮೀನಿಗೆ ದಾರಿಯಾಯಿತು. 2014ರಲ್ಲಿ ಪೆಂಟಿಕ್ಟನ್‌ನಲ್ಲಿ ತಮ್ಮದೇ ಮೀನುಮರಿ ಕೇಂದ್ರ ತೆರೆದರು. ಈಗ ಒಳ್ಳೆಯ ವರ್ಷಗಳಲ್ಲಿ ಮೀನು ಲಕ್ಷಗಟ್ಟಲೆ ಬರುತ್ತದೆ. 2015ರಲ್ಲಿ ನೀರು ಬಿಸಿಯಾಗಿ ಬಹಳಷ್ಟು ದಾರಿಯಲ್ಲೇ ಸತ್ತವು. ಮುಂದಿನ ಮೇ ತಿಂಗಳಲ್ಲಿ ಮತ್ತೆ ಮರಿ ಬಿಟ್ಟರು.

ನಂಬಿಕೆಯ ವಿಷಯಕ್ಕೆ ಬಂದರೆ ನನಗೆ ಒಂದು ನೋವು ಇದೆ. ಇಲ್ಲಿಗೆ ಬಂದ ಹೊಸದರಲ್ಲಿ ಕೆಲೋನಾದ ಕೆರೆದಂಡೆಯ ಓಗೊಪೋಗೊ ಗೊಂಬೆಯ ಮುಂದೆ ಮಗಳನ್ನು ನಿಲ್ಲಿಸಿ ಫೋಟೋ ತೆಗೆದಿದ್ದೆ. ಸರೋವರದ ರಾಕ್ಷಸ ಅಂತ ಅಂಗಡಿಗಳಲ್ಲಿ ಮಾರುವ ಹಸಿರು ಹಾವು ಅದು. ಸಿಲ್ಖ್ ಜನರಿಗೆ ಅದು ರಾಕ್ಷಸ ಅಲ್ಲ, ನೀರಿನ ಪವಿತ್ರ ಚೈತನ್ಯ. ಸರೋವರ ದಾಟುವಾಗ ಕಾಣಿಕೆ ಕೊಟ್ಟು ಹೋಗುತ್ತಿದ್ದರು. ನಮ್ಮೂರ ನಾಗಬನವನ್ನು ಯಾರಾದರೂ ಆಟಿಕೆ ಮಾಡಿದ್ದರೆ ನನಗೆ ಹೇಗಾಗುತ್ತಿತ್ತು? ಓಗೊಪೋಗೊ ಹೆಸರಿನ ಕೃತಿಸ್ವಾಮ್ಯ ಇಲ್ಲಿನ ವರ್ನನ್ ನಗರಸಭೆಯ ಕೈಯಲ್ಲಿತ್ತು. 2021ರಲ್ಲಿ ಅದನ್ನು ಒಂದು ಡಾಲರಿಗೆ ಓಕನಾಗನ್ ಜನರಿಗೇ ಬರೆದುಕೊಟ್ಟರು.

1859ರಲ್ಲಿ ಪಾದ್ರಿ ಪಾಂಡೋಸಿ ಇಲ್ಲಿ ಕ್ಯಾಥೋಲಿಕ್ ಮಿಷನ್ ತೆರೆದರು. ಆಮೇಲೆ 1951ರವರೆಗೂ ಮೂಲನಿವಾಸಿಗಳ ಹಲವು ಆಚರಣೆಗಳಿಗೆ ಕಾನೂನಿನ ನಿಷೇಧ ಇತ್ತು. ಮಕ್ಕಳನ್ನು ಮನೆಯಿಂದ ಎಳೆದೊಯ್ದು ವಸತಿ ಶಾಲೆಗೆ ಹಾಕಿದರು, ಮಾತೃಭಾಷೆ ಆಡಿದರೆ ಶಿಕ್ಷೆ. ಇವತ್ತು ಚರ್ಚಿಗೆ ಹೋಗುವವರಿದ್ದಾರೆ. ಬಾಗಿಸಿದ ಕೋಲುಗಳ ಬೆವರುಮನೆಯಲ್ಲಿ, ಕಾದ ಕಲ್ಲಿಗೆ ನೀರು ಸುರಿದು, ಹಬೆಯಲ್ಲಿ ಕೂತು ಪ್ರಾರ್ಥಿಸುವವರಿದ್ದಾರೆ. ಎರಡನ್ನೂ ನಡೆಸುವವರೂ ಇದ್ದಾರೆ. ಚಳಿಗಾಲದ ಕುಣಿತದ ಬಗ್ಗೆ ಹೊರಗಿನವರಿಗೆ ಜಾಸ್ತಿ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಭಾಷೆಯೂ ಮೀನಿನ ಹಾಗೆಯೇ ವಾಪಸ್ ಬರುತ್ತಿದೆ. ಸಿಲ್ಖ್ ಜನರ ಎನ್‌ಸಿಲ್ಖ್‌ಚೆನ್ ಭಾಷೆಯಲ್ಲೇ ಪದವಿ ಪಡೆದ ಮೊದಲ ತಂಡ 2023ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದಿಂದ ಹೊರಬಂತು. ಅವರು ಬರೆಯುವಾಗ ಇಂಗ್ಲಿಷಿನ ಕ್ಯಾಪಿಟಲ್‌ನಂಥ ದೊಡ್ಡಕ್ಷರ ಬಳಸುವುದಿಲ್ಲ. ಯಾವ ಪದವೂ ಇನ್ನೊಂದಕ್ಕಿಂತ ಮೇಲಲ್ಲ ಅನ್ನುವುದು ಅವರ ಕಾರಣ. ನಮ್ಮ ಲಿಪಿಯಲ್ಲೂ ದೊಡ್ಡಕ್ಷರ ಇಲ್ಲ, ಅಲ್ವಾ? ಮಗಳಿಗೆ ಕನ್ನಡ ಅಕ್ಷರ ಕಲಿಸುವಾಗ ಇದನ್ನು ಹೇಳಿದೆ. ಅವಳಿಗೆ ಬಹಳ ಹಿಡಿಸಿತು.

ಸೆಪ್ಟೆಂಬರಿನಲ್ಲಿ ಓಕನಾಗನ್ ಫಾಲ್ಸ್‌ನಲ್ಲಿ ಸಾಲ್ಮನ್ ಹಬ್ಬ. ಎಲ್ಲರನ್ನೂ ಕರೆಯುತ್ತಾರೆ. ಕೆಂಡದಲ್ಲಿ ಸುಟ್ಟ ಮೀನಿನ ಒಂದು ತುಂಡು ತಟ್ಟೆಗೆ ಬಂತು. ಮಸಾಲೆ ಏನೂ ಇಲ್ಲ, ಹೊಗೆಯ ವಾಸನೆ ಮಾತ್ರ. ಮಗಳು ಬಡಿಸಿದ ಅಜ್ಜಿಗೆ ‘ಲಿಮ್‌ಲಿಮ್ಟ್’ ಅಂದಳು. ಧನ್ಯವಾದ ಅಂತ ಅರ್ಥ. ಅಜ್ಜಿ ನಕ್ಕು, ಉಚ್ಚಾರ ತಿದ್ದಿ, ಇನ್ನೊಂದು ಸಲ ಹೇಳಿಸಿ, ಇನ್ನೊಂದು ತುಂಡು ಹಾಕಿದರು.