"ಮಗಳಿಗೆ ಅಷ್ಟು ಧೈರ್ಯ ಹೇಗೆ ತುಂಬಿದಿರಿ?" ಅನ್ನುವವರಿಗೆಲ್ಲ ಒಂದೇ ಸಲ

ನಾನು ತುಂಬಿಲ್ಲ. ಇದೇ ಉತ್ತರ. ಅವಸರದಲ್ಲಿರುವವರು ಇಲ್ಲಿಗೇ ಬಿಟ್ಟು ಹೋಗಬಹುದು.

ಉಳಿದವರಿಗೆ ವಿಷಯ ಇಷ್ಟು: ನನ್ನ ಮಗಳು ಎಂಜಿನಿಯರಿಂಗ್ ಓದನ್ನು ನಡುವೆ ಬಿಟ್ಟು ಮರಗೆಲಸ ಕಲಿತಳು. ಈಗ ಮೇಜು, ಕುರ್ಚಿ, ಪುಸ್ತಕದ ಕಪಾಟು ಮಾಡಿಕೊಟ್ಟು ಜೀವನ ನಡೆಸುತ್ತಾಳೆ. ಲೋಕದಲ್ಲಿ ಬಡಗಿಗಳಿಗೇನೂ ಬರವಿಲ್ಲ. ನಮ್ಮ ಬಳಗದಲ್ಲಿ ಒಬ್ಬರೂ ಇರಲಿಲ್ಲ, ಅದಕ್ಕೆ ಅವಳು "ಡಿಫರೆಂಟ್" ಆದಳು. ಬಡಗಿಗಳೇ ತುಂಬಿದ ಮನೆಯಲ್ಲಿ ಹುಟ್ಟಿ ಎಂಜಿನಿಯರಿಂಗ್ ಓದಲು ಹೊರಟಿದ್ದರೆ ಆಗಲೂ ಅವಳೇ ಡಿಫರೆಂಟು.

ಪ್ರಶ್ನೆ ಎರಡು ರಾಗದಲ್ಲಿ ಬರುತ್ತದೆ. ಒಂದರಲ್ಲಿ ಕಣ್ಣು ಅರಳಿರುತ್ತದೆ: ನೀವು ಎಂಥ ತಾಯಿ, ನಮಗೂ ಆ ಮಂತ್ರ ಹೇಳಿಕೊಡಿ. ಇನ್ನೊಂದರಲ್ಲಿ ಮಾತು ಅದೇ, ಹುಬ್ಬು ಮಾತ್ರ ಮೇಲೇರಿರುತ್ತದೆ: ಹುಡುಗಿಯ ತಲೆ ಕೆಡಿಸಿದ್ದು ನೀವೇ ತಾನೇ? ಹೊಗಳುವವರೂ ದೂರುವವರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದುಬಿಟ್ಟಿದ್ದಾರೆ. ನಾನು ಯಾವುದೋ ಒಂದು ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು "ಮಗಳೇ, ಎಲ್ಲರಂತಾಗಬೇಡ" ಎಂದು ಉಪದೇಶ ಮಾಡಿದ್ದೇನೆ ಅಂತ. ಅಂಥ ಸಂಜೆ ಬಂದೇ ಇಲ್ಲ. ನಾನು ಅವಳಿಗೆ ಹೇಳಿದ ಬುದ್ಧಿಮಾತಿನಲ್ಲಿ ಹೆಚ್ಚಿನ ಪಾಲು ಒದ್ದೆ ಟವೆಲಿನ ಕುರಿತಾದದ್ದು.

ಒಮ್ಮೆ ಒಂದು ಶಾಲೆಯವರು ಪೋಷಕರ ಸಭೆಗೆ ಕರೆದು, ಇದೇ ವಿಷಯದ ಮೇಲೆ "ನಾಲ್ಕು ಮಾತು" ಆಡಿ ಅಂದರು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ದೊಡ್ಡ ಅಕ್ಷರಗಳಲ್ಲಿ "ಭಿನ್ನವಾಗಿ ಯೋಚಿಸಿ". ಅದರ ಎದುರಿಗೆ ಮಕ್ಕಳು ಒಂದೇ ಬಣ್ಣದ ಬಟ್ಟೆ, ಒಂದೇ ರೀತಿಯ ಶೂ, ಎತ್ತರದ ಪ್ರಕಾರ ಸಾಲು. ಸಾಲಿನಿಂದ ಅರ್ಧ ಹೆಜ್ಜೆ ಆಚೆ ನಿಂತಿದ್ದ ಹುಡುಗನನ್ನು ಮೇಷ್ಟ್ರು ತೋಳು ಹಿಡಿದು ಒಳಗೆ ಸೇರಿಸಿದರು. ನಾನು ಮಾತಾಡಿ ಮುಗಿಸಿದ ಮೇಲೆ ತಂದೆಯೊಬ್ಬರು ಎದ್ದು ನಿಂತರು. "ಮೇಡಂ, ನಮ್ಮ ಮಗಳೂ ಡಿಫರೆಂಟ್ ಆಗಿ ಯೋಚನೆ ಮಾಡಬೇಕು ಅಂತ ನಮಗೆ ತುಂಬಾ ಆಸೆ. ಆದರೆ ತೀರಾ ಅಲ್ಲ."

ಇಡೀ ಸಭೆ ತಲೆಯಾಡಿಸಿತು. ಯಾರೂ ನಗಲಿಲ್ಲ. ನನಗೆ ಅವರ ಮೇಲೆ ಕೋಪವೂ ಬರಲಿಲ್ಲ. ಅಲ್ಲಿದ್ದವರಲ್ಲಿ ಬಾಯಿಬಿಟ್ಟು ನಿಜ ಹೇಳಿದ್ದು ಅವರೊಬ್ಬರೇ. ನಮಗೆ ಬೇಕಿರುವುದು ಬಹುಮಾನ ತರುವಂಥ, ಫೋಟೋಗೆ ಒಪ್ಪುವಂಥ ಭಿನ್ನತೆ. ಮಗು ಗುಂಪನ್ನು ಬಿಟ್ಟು ನಡೆಯಬೇಕು, ಆದರೆ ಗುಂಪಿಗಿಂತ ಮುಂದೆ ಇರಬೇಕು. ಪಕ್ಕಕ್ಕೆ ಹೊರಟರೆ ನಮ್ಮ ಎದೆ ಡವಗುಟ್ಟುತ್ತದೆ.

ಇಂಥ ಸಭೆಗಳಲ್ಲಿ ಉದಾಹರಣೆ ಕೊಡದೆ ಬಿಡುವುದಿಲ್ಲ. ಎತ್ತರ ಜಿಗಿತದ ಡಿಕ್ ಫಾಸ್ಬರಿಯ ಹೆಸರು ಖಂಡಿತ ಬರುತ್ತದೆ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಎಲ್ಲರೂ ಹೊಟ್ಟೆ ಕೆಳಗೆ ಮಾಡಿ ಅಡ್ಡಪಟ್ಟಿ ದಾಟುತ್ತಿದ್ದಾಗ ಈತ ಬೆನ್ನು ಕೆಳಗೆ ಮಾಡಿ ಹಾರಿ, 2.24 ಮೀಟರ್ ದಾಟಿ ಚಿನ್ನ ಗೆದ್ದ. ನೋಡಿ ಮಕ್ಕಳೇ, ಭಿನ್ನವಾಗಿರುವ ಧೈರ್ಯ! ಚಪ್ಪಾಳೆ.

ಕಥೆಯ ಉಳಿದ ಭಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಹುಡುಗ ಶಾಲೆಯಲ್ಲಿದ್ದಾಗ ಎಲ್ಲರ ಹಾಗೆ ಹಾರಲು ಯತ್ನಿಸಿದ್ದ, ಅವನಿಗೆ ಬರಲಿಲ್ಲ. ಬಾರದ್ದಕ್ಕೇ ತನ್ನ ಮೈಗೆ ಒಗ್ಗುವ ದಾರಿ ಹುಡುಕುತ್ತ ಹುಡುಕುತ್ತ ಬೆನ್ನು ಕೆಳಗಾಯಿತು. ಭಿನ್ನವಾಗಬೇಕೆಂಬ ಹಂಬಲವೇನೂ ಅಲ್ಲಿರಲಿಲ್ಲ. ಇನ್ನೊಂದು ವಿಷಯ. ಅದಕ್ಕೂ ಮೊದಲು ಜಿಗಿದವರು ಬೀಳುತ್ತಿದ್ದುದು ಮರಳಿನ ಮೇಲೆ ಅಥವಾ ಮರದ ಹೊಟ್ಟಿನ ಮೇಲೆ. ಅದರ ಮೇಲೆ ಕತ್ತು, ಬೆನ್ನು ಕೊಟ್ಟು ಬಿದ್ದರೆ ಪದಕದ ಬದಲು ಆಸ್ಪತ್ರೆ. ಅವನ ಕಾಲಕ್ಕೆ ಸರಿಯಾಗಿ ದಪ್ಪನೆಯ ಸ್ಪಂಜಿನ ಹಾಸುಗಳು ಬಂದವು. ಬೆನ್ನ ಮೇಲೆ ಬೀಳಬಹುದು ಎಂದಾದ ಮೇಲೆ ಬೆನ್ನು ಕೊಟ್ಟು ಹಾರುವುದು ಸಾಧ್ಯವಾಯಿತು.

ನನ್ನ ಮಗಳ ವಿಷಯದಲ್ಲೂ ಧೈರ್ಯ ಧೈರ್ಯ ಎಂದು ಕುಣಿಯುವವರು ಹಾಸಿನ ಬಗ್ಗೆ ಕೇಳುವುದೇ ಇಲ್ಲ. ಅವಳು ಓದು ಬಿಡುತ್ತೇನೆ ಅಂದಾಗ ನಾನು "ನಿನ್ನ ಕನಸನ್ನು ಬೆನ್ನಟ್ಟು" ಅನ್ನಲಿಲ್ಲ. ಯಾರ ಹತ್ತಿರ ಕಲಿಯುತ್ತೀಯ, ಅವರು ಎಂಥವರು, ಸಂಬಳ ಯಾವಾಗಿಂದ, ಗರಗಸಕ್ಕೆ ಬೆರಳು ಸಿಕ್ಕರೆ ಯಾರು ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳಿದೆ. ಕಾಲೇಜಿನಿಂದ ಹೆಸರು ತೆಗೆಸಲು ಬಿಡದೆ, ಒಂದು ವರ್ಷದ ಬಿಡುವಿಗೆ ಅರ್ಜಿ ಬರೆಸಿದೆ. "ಕಲಿ, ಆಮೇಲೆ ಕೂತು ಮಾತಾಡೋಣ" ಅಂದೆ. ಅವಳಿಗೆ ಅದು ಅವಮಾನ. "ಅಮ್ಮ, ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ" ಅಂತ ಮುಖ ಊದಿಸಿಕೊಂಡಳು. ನಂಬಿಕೆ ಇದ್ದದ್ದಕ್ಕೇ ಕಣೇ ಅರ್ಜಿ ಅಂದೆ. ಈ ಭಾಗವನ್ನು ವೇದಿಕೆಯಲ್ಲಿ ಹೇಳಿದರೆ ಜನ ಆಕಳಿಸುತ್ತಾರೆ. ಅರ್ಜಿ ನಮೂನೆಗೆ ಯಾರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿಲ್ಲ.

ಇಲ್ಲಿಗೆ ಬರೆದು ಮುಗಿಸಬಹುದಿತ್ತು. ಆದರೆ ಆ ಸಭೆಯ ಕೊನೆಯಲ್ಲಿ ಬಂದ ಇನ್ನೊಂದು ಪ್ರಶ್ನೆ ಇದೆ, ಈ ಬರಹ ನಿಜವಾಗಿ ಅದರದ್ದೇ. ಹಿಂದಿನ ಸಾಲಿನಿಂದ ಒಂದು ಹುಡುಗಿ, ಎಂಟನೆಯದೋ ಒಂಬತ್ತನೆಯದೋ ಇರಬೇಕು, ಕೈ ಎತ್ತಿದಳು. "ಆಂಟಿ, ಅಮ್ಮ ಮನೇಲಿ ಹೂಂ ಅಂದು, ಆಮೇಲೆ ಎಲ್ಲರ ಮುಂದೆ ಅವರ ಜೊತೆ ಸೇರಿಕೊಂಡು ನಗಾಡಿದರೆ ಏನು ಮಾಡೋದು?"

ಮುಖ್ಯೋಪಾಧ್ಯಾಯಿನಿ ಕೂಡಲೇ ಮೈಕ್ ತೆಗೆದುಕೊಂಡು ವಂದನಾರ್ಪಣೆ ಶುರು ಮಾಡಿದರು.

ಅಂದು ದೊಡ್ಡವರು ಕೇಳಿದ ಯಾವ ಪ್ರಶ್ನೆಯೂ ಇದರ ಹತ್ತಿರಕ್ಕೂ ಬರಲಿಲ್ಲ. ಮಕ್ಕಳ ಬಾಯಿ ಕಟ್ಟುವುದು ಏನು ಅನ್ನುವುದು ಆ ಮಗುವಿಗೆ ಗೊತ್ತಿತ್ತು. ಅಭಿಪ್ರಾಯದ ಕೊರತೆ ಅಲ್ಲವೇ ಅಲ್ಲ ಅದು. 2011ರಲ್ಲಿ ಡೇನಿಯಲ್ ಹಾನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ನಾಲ್ಕು ವರ್ಷದ ಎಷ್ಟೋ ಮಕ್ಕಳು ಜೊತೆಗಾರರೆಲ್ಲ ತಪ್ಪು ಹೇಳಿದ ಕಡೆ ತಾವೂ ಗಟ್ಟಿಯಾಗಿ ಅದೇ ತಪ್ಪು ಹೇಳಿದವು. ಗುಟ್ಟಾಗಿ ಉತ್ತರ ಕೊಡಲು ಬಿಟ್ಟಾಗ ಹಾಗೆ ಗುಂಪಿಗೆ ಸೇರುವುದು ಕಡಿಮೆಯಾಯಿತು. ಕಣ್ಣಿಗೆ ಕಂಡದ್ದು ಒಳಗೆ ಇದ್ದೇ ಇತ್ತು. ಅಂಥ ಮಗುವಿಗೆ "ನಿನ್ನದೇ ಅಭಿಪ್ರಾಯ ಇರಲಿ" ಎಂದು ಹೇಳಿ ಏನು ಉಪಯೋಗ?

ದೊಡ್ಡವರ ಕಥೆಯೂ ಅಷ್ಟೇ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಯುವಕರ ಗುಂಪಿಗೆ ಒಂದು ಗೆರೆ ತೋರಿಸಿ, ಇದರಷ್ಟೇ ಉದ್ದದ ಗೆರೆ ಈ ಮೂರರಲ್ಲಿ ಯಾವುದು ಎಂದು ಕೇಳುತ್ತಿದ್ದ. ಯಾರಿಗಾದರೂ ಗೊತ್ತಾಗುವಂಥದ್ದು, ಒಬ್ಬರೇ ಇದ್ದಾಗ ತಪ್ಪುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದವರು, ಬೇಕಂತಲೇ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಆಗ ಆ ಒಬ್ಬನ ಉತ್ತರಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗುಂಪಿನ ಕಡೆಗೆ ವಾಲಿದವು. ಹೀಗೆ ಕೂತವರಲ್ಲಿ ನಾಲ್ಕರಲ್ಲಿ ಮೂವರಷ್ಟು ಜನ ಒಮ್ಮೆಯಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟುಕೊಟ್ಟರು. ಬರೀ ಗೆರೆ ಸ್ವಾಮಿ. ಅಪರಿಚಿತರ ಮುಂದೆ. ಸೋತರೂ ಕಳೆದುಕೊಳ್ಳುವುದು ಏನೂ ಇಲ್ಲ.

ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ನನಗೆ ಬೇಕಾದದ್ದು ಮುಂದಿನದು. ಆಶ್ ಆ ಗುಂಪಿನಲ್ಲಿ ನಿಜ ಹೇಳುವ ಇನ್ನೊಬ್ಬನನ್ನು ಕೂರಿಸಿದ. ಒಬ್ಬನೇ ಒಬ್ಬ. ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಆಮೇಲೆ ಇದನ್ನೇ ಎರಡು ಬಗೆಯಲ್ಲಿ ಬದಲಿಸಿ ನೋಡಿದ. ಒಂದರಲ್ಲಿ ಆ ಜೊತೆಗಾರ ನಡುವೆ ಏನೋ ಕೆಲಸವಿದೆಯೆಂದು ಎದ್ದು ಹೊರಟುಹೋಗುತ್ತಾನೆ. ಇನ್ನೊಂದರಲ್ಲಿ ಕೋಣೆಯಲ್ಲೇ ಕೂತಿದ್ದು, ನಡುವೆ ಗುಂಪಿನ ಕಡೆ ಸೇರಿಬಿಡುತ್ತಾನೆ. ಎದ್ದು ಹೋದಾಗ ತಪ್ಪು ತುಸು ಹೆಚ್ಚಿತು, ಆದರೂ ಅವನು ಬಿಟ್ಟುಹೋದ ಬಲ ಉಳಿದಿತ್ತು. ಪಕ್ಷ ಬದಲಿಸಿದಾಗ ಮಾತ್ರ ಧಡಕ್ಕನೆ ಏರಿತು.

ಅಂದರೆ, ಆ ಹುಡುಗಿ ಕೇಳಿದ್ದನ್ನು ಆಶ್ ಆಗಲೇ ಅಳೆದು ನೋಡಿದ್ದ. ನಾವು ಮಕ್ಕಳ ಜೊತೆ ಸದಾ ಇರಲಾರೆವು, ಅದೇನೂ ದೊಡ್ಡ ವಿಷಯವಲ್ಲ. ಕೆಲಸಕ್ಕೆ ಹೋಗುತ್ತೇವೆ, ಒಂದು ದಿನ ಸಾಯುತ್ತೇವೆ. ಮಗುವಿಗೆ ಅದನ್ನು ತಾಳಿಕೊಳ್ಳಲು ಬರುತ್ತದೆ. ಪಕ್ಕದಲ್ಲೇ ಕೂತು ಆಚೆಯವರ ಜೊತೆ ನಗುವ ತಾಯಿಯನ್ನು ಏನು ಮಾಡುವುದು? ನೆಂಟರೊಬ್ಬರು ಎಲ್ಲರ ನಡುವೆ "ಏನಮ್ಮಾ, ಇಷ್ಟೆಲ್ಲ ಓದಿಸಿ ಕೊನೆಗೆ ಮಂಚ ಮಾಡೋಕೆ ಕಳಿಸಿದ್ಯಾ?" ಎಂದು ನಕ್ಕರು. ಆಗ ಜೊತೆಗೆ ನಕ್ಕುಬಿಡುವುದು ಎಷ್ಟು ಸಲೀಸು! ಏನು ಮಾಡೋದು ಹೇಳಿ, ಇವಳು ಹೀಗೇ, ಅಂದರಾಯಿತು. ಮಗಳು ಬಾಗಿಲ ಹತ್ತಿರ ನಿಂತಿದ್ದಳು. ನಾನು "ಹೌದು, ಮಂಚಾನೂ ಮಾಡ್ತಾಳೆ. ನಿಮಗೆ ಎಷ್ಟು ಅಗಲದ್ದು ಬೇಕು? ಅರ್ಧ ದುಡ್ಡು ಮುಂಗಡ" ಅಂದೆ. ಅವರು ಆರ್ಡರ್ ಕೊಡಲಿಲ್ಲ, ವಿಷಯ ಬದಲಿಸಿದರು. ಧೈರ್ಯ ತುಂಬಿದ್ದು ಅಂತ ನನ್ನ ಲೆಕ್ಕದಲ್ಲಿ ಏನಾದರೂ ಇದ್ದರೆ ಅದು ಆ ಮುಂಗಡ ಕೇಳಿದ್ದು.

ವಂದನಾರ್ಪಣೆ ಮುಗಿದ ಮೇಲೆ ಆ ಹುಡುಗಿಯನ್ನು ಹುಡುಕಿದೆ. ಸಿಕ್ಕಳು. "ಅಮ್ಮನಿಗೆ ನೇರವಾಗಿ ಹೇಳು. ಎಲ್ಲರ ಮುಂದೆ ಬೇಡ, ಒಬ್ಬರೇ ಇದ್ದಾಗ. ನೀನು ನಕ್ಕಿದ್ದು ನಾನು ನೋಡಿದೆ ಅಂತ ಅಷ್ಟೇ ಹೇಳು, ಜಗಳ ಮಾಡಬೇಡ" ಅಂದೆ. "ಅಮ್ಮ ಇಲ್ಲೇ ಇದ್ದಾರೆ ಆಂಟಿ" ಅಂದಳು. ನಾನು ಬೇಗ ಬೇಗ ಗೇಟಿನ ಕಡೆ ನಡೆದೆ.

ಇನ್ನು "ಹಾಗಾದರೆ ಎಲ್ಲ ಮಕ್ಕಳಿಗೂ 'ಭಿನ್ನವಾಗಿರಿ' ಅನ್ನಬೇಕು ಅಂತೀರಾ?" ಎನ್ನುವವರಿಗೆ: ಇಲ್ಲ. ರಸ್ತೆ ದಾಟುವಾಗ, ಲಸಿಕೆ ಹಾಕಿಸುವಾಗ, ಸರದಿಯಲ್ಲಿ ನಿಲ್ಲುವಾಗ ದಯವಿಟ್ಟು ಎಲ್ಲರಂತೆ ಇರಿ. ಗುಂಪು ಹೇಳಿದ್ದಕ್ಕೆಲ್ಲ ಉಲ್ಟಾ ಹೊಡೆಯುವವನೂ ಗುಂಪು ನೋಡಿಕೊಂಡೇ ಹೆಜ್ಜೆ ಇಡುತ್ತಾನೆ, ಎಡದ ಬದಲು ಬಲ ಅಷ್ಟೇ.

ನನಗೊಬ್ಬ ಮಗನೂ ಇದ್ದಾನೆ. ಅವನು ಲೆಕ್ಕಪತ್ರ ಓದಿದ, ಲೆಕ್ಕಪತ್ರದ ಕೆಲಸಕ್ಕೇ ಸೇರಿದ, ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ. ಅವನ ಬಗ್ಗೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಅಕ್ಕ ಹೆಸರು ಮಾಡಿದ ಮೇಲೆ ಕೆಲವರು ಅವನಿಗೆ "ನೀನೂ ಏನಾದರೂ ಬೇರೆ ಮಾಡಬಹುದಿತ್ತಲ್ಲಪ್ಪ" ಅನ್ನತೊಡಗಿದರು. ಅವನಿಗೆ ಅಂಕಿಗಳೆಂದರೆ ಪ್ರೀತಿ. ಅದನ್ನು ಬಿಟ್ಟು ಎಲ್ಲರ ಒತ್ತಾಯಕ್ಕೆ "ಬೇರೆ" ಆಗಿದ್ದರೆ ಅದು ಯಾವ ಸೀಮೆಯ ಧೈರ್ಯ? ಫಾಸ್ಬರಿ ಗೆದ್ದ ನಾಲ್ಕೇ ವರ್ಷಕ್ಕೆ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ, 40 ಜಿಗಿತಗಾರರಲ್ಲಿ 28 ಮಂದಿ ಬೆನ್ನು ಕೊಟ್ಟು ಹಾರಿದರು. ಚಿನ್ನ ಗೆದ್ದದ್ದು ಹಳೆಯ ಶೈಲಿಯಲ್ಲೇ ಹಾರಿದ ಯೂರಿ ತಾರ್ಮಾಕ್.

ಇದನ್ನು ಮಗನಿಗೆ ಓದಿ ಹೇಳಿದೆ, ಅವನ ಪರವಾಗಿ ವಾದ ಮಾಡಿದ್ದಕ್ಕೆ ಖುಷಿಪಡುತ್ತಾನೆ ಅಂದುಕೊಂಡು. "ಆ ಕೊನೇ ಭಾಗ ತೆಗೆದುಹಾಕಮ್ಮ" ಅಂದ. "ನನ್ನ ಬಗ್ಗೆ ಯಾರೂ ಏನೂ ಕೇಳಲ್ಲ, ನನಗೆ ಅದೇ ಆರಾಮ." ಹೆಸರು ಹಾಕಿಲ್ಲ ಮಾರಾಯ ಎಂದು ಒಪ್ಪಿಸಿದ್ದೇನೆ. ದಯವಿಟ್ಟು ಅವನನ್ನು ಕೇಳಬೇಡಿ.