ಡಾರ್ಕ್ ಮ್ಯಾಟರ್ ಇದೆ ಅಂತ ಹೇಗೆ ಒಪ್ಪೋದು?

ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ, ಗುರುತ್ವದ ಎಳೆತದಿಂದಷ್ಟೇ ಸುಳಿವು ಕೊಡುವ ದ್ರವ್ಯ. ಅದರ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: ‘ಲೆಕ್ಕ ತಾಳೆಯಾಗಲಿಲ್ಲ ಅಂತ ಕಣ್ಣಿಗೆ ಕಾಣದ ವಸ್ತುವನ್ನು ಸೇರಿಸಿದ್ದಲ್ವಾ? ಗುರುತ್ವದ ನಿಯಮವೇ ತಪ್ಪಿರಬಹುದಲ್ಲ?’

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಯಾಕೆಂದರೆ ಹಿಂದೆ ಎರಡೂ ಆಗಿದೆ. ಯುರೇನಸ್ ಲೆಕ್ಕದಂತೆ ಚಲಿಸದಿದ್ದಾಗ, ಕಾಣದ ಗ್ರಹವೊಂದು ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಲೆವೆರಿಯೆ ಹೇಳಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ದಾರಿಯಲ್ಲಿ ಸಣ್ಣ ವ್ಯತ್ಯಾಸ ಕಂಡಾಗಲೂ ಅವರು ಹಾಗೇ ಹೇಳಿದರು. ಆ ಗ್ರಹ ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ ಲೆಕ್ಕ ಸರಿಹೋಯಿತು.

ಈಗಿನ ತೊಡಕು ಗ್ಯಾಲಕ್ಸಿಗಳದ್ದು. ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತದೆ, ದೂರದ ನೆಪ್ಚೂನ್ ಬರೀ 5 ಕಿ.ಮೀ. ವೇಗದಲ್ಲಿ. ದೂರ ಹೋದಷ್ಟೂ ನಿಧಾನ. ಆದರೆ ಅಮೆರಿಕದ ಖಗೋಳವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ಅಳೆದಾಗ ಅಂಚಿನ ಕಡೆಗೂ ವೇಗ ಹಾಗೆ ಇಳಿಯಲಿಲ್ಲ. ಕಾಣುವ ನಕ್ಷತ್ರಗಳ ಎಳೆತ ಅಷ್ಟಕ್ಕೆ ಸಾಲದು.

1983ರಲ್ಲಿ ಇಸ್ರೇಲಿನ ಭೌತವಿಜ್ಞಾನಿ ಮಿಲ್‌ಗ್ರಮ್, ಗುರುತ್ವದ ನಿಯಮವೇ ತಪ್ಪಿರಬಹುದಲ್ಲ ಎಂಬ ಪ್ರಶ್ನೆಯನ್ನೇ ಸಿದ್ಧಾಂತ ಮಾಡಿದರು. ಎಳೆತ ತೀರಾ ಕ್ಷೀಣವಾದಲ್ಲಿ ನ್ಯೂಟನ್ ನಿಯಮ ಬದಲಾಗುತ್ತದೆ ಎಂದರು. ಅದರ ಹೆಸರು ಮಾಂಡ್. ಕಾಣುವ ದ್ರವ್ಯವನ್ನಷ್ಟೇ ಇಟ್ಟುಕೊಂಡು ಎಷ್ಟೋ ಗ್ಯಾಲಕ್ಸಿಗಳ ವೇಗವನ್ನು ಅದು ಸರಿಯಾಗಿ ಹೇಳುತ್ತದೆ. ಅದನ್ನು ಸುಮ್ನೆ ತಳ್ಳಿಹಾಕುವವರ ಮಾತು ನನಗೆ ಹಿಡಿಸುವುದಿಲ್ಲ.

ಆದರೂ ನಾನು ಡಾರ್ಕ್ ಮ್ಯಾಟರ್ ಕಡೆಗೇ ವಾಲುತ್ತೇನೆ. ಮುಖ್ಯ ಕಾರಣ ಬುಲೆಟ್ ಕ್ಲಸ್ಟರ್. ಅಲ್ಲಿ ಎರಡು ಗ್ಯಾಲಕ್ಸಿ ಗುಂಪುಗಳು ಡಿಕ್ಕಿ ಹೊಡೆದಿವೆ. ಇಂಥ ಗುಂಪುಗಳಲ್ಲಿ ನಕ್ಷತ್ರಗಳಿಗಿಂತ ಬಿಸಿ ಅನಿಲದ ತೂಕವೇ ಜಾಸ್ತಿ. ಡಿಕ್ಕಿಯಲ್ಲಿ ಅನಿಲ ಒಂದಕ್ಕೊಂದು ತಡೆದು ಹಿಂದೆ ಉಳಿಯಿತು. ಗ್ಯಾಲಕ್ಸಿಗಳು ಒಂದರ ನಡುವೆ ಒಂದು ನುಸುಳಿ ಮುಂದೆ ಹೋದವು. ಹೆಚ್ಚು ತೂಕ ಈಗ ಎಲ್ಲಿದೆ? ತೂಕವಿದ್ದಲ್ಲಿ ಹಿಂದಿನಿಂದ ಬರುವ ಬೆಳಕು ಬಾಗುತ್ತದೆ. 2006ರಲ್ಲಿ ಆ ಬಾಗುವಿಕೆಯನ್ನು ಅಳೆದು ನೋಡಿದಾಗ ತೂಕ ಅನಿಲದ ಜೊತೆ ಇರಲಿಲ್ಲ, ಗ್ಯಾಲಕ್ಸಿಗಳ ಜೊತೆ ಮುಂದೆ ಹೋಗಿತ್ತು. ನಿಯಮವನ್ನಷ್ಟೇ ತಿದ್ದಿದರೆ ಇದನ್ನು ವಿವರಿಸುವುದು ಬಹಳ ಕಷ್ಟ. ಮಾಂಡ್ ಬಳಸಿದರೂ ಇಂಥ ಗುಂಪುಗಳಲ್ಲಿ ಕಾಣದ ದ್ರವ್ಯ ಸ್ವಲ್ಪ ಬೇಕೇ ಬೇಕು.

ಇನ್ನೊಂದು ಸಾಕ್ಷಿ, ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕು. ಪ್ಲ್ಯಾಂಕ್ ಉಪಗ್ರಹ ಅದರ ಏರಿಳಿತ ಅಳೆಯಿತು. ಸಾಮಾನ್ಯ ದ್ರವ್ಯದ ಐದು ಪಟ್ಟಿಗೂ ಹೆಚ್ಚು ಡಾರ್ಕ್ ಮ್ಯಾಟರ್ ಇದೆ ಎಂಬ ಲೆಕ್ಕ ಅಲ್ಲಿಂದಲೇ ಬರುತ್ತದೆ. ಗ್ಯಾಲಕ್ಸಿಗಳ ವೇಗವನ್ನು ಇದಕ್ಕೆ ನೋಡಬೇಕಾಗಿಯೇ ಇಲ್ಲ.

ಡಾರ್ಕ್ ಮ್ಯಾಟರ್ ಯಾವುದೋ ಗೊತ್ತಿಲ್ಲದ ಕಣಗಳಿಂದ ಆಗಿರಬಹುದು ಎಂದು ಬಹಳ ವಿಜ್ಞಾನಿಗಳು ಭಾವಿಸುತ್ತಾರೆ. ಹಾಗಾದರೆ ಆ ಕಣ ಎಲ್ಲಿ? ಅಮೆರಿಕದ ಸೌತ್ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ, ಝೆನಾನ್ ಎಂಬ ಅನಿಲವನ್ನು ದ್ರವವಾಗಿಸಿ, ಟನ್‌ಗಟ್ಟಲೆ ಇಟ್ಟು, ಆ ಕಣ ಬಂದು ತಾಕೀತೇ ಎಂದು ಕಾಯುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಇದು ನನ್ನನ್ನು ನಿಜವಾಗಿಯೂ ಕಾಡುತ್ತದೆ. ಅದಕ್ಕೇ ಈ ಪ್ರಶ್ನೆ ಕೇಳಿದವರಿಗೆ ‘ಇಲ್ಲ, ನೀವು ತಪ್ಪು’ ಎಂದು ನಾನು ಯಾವತ್ತೂ ಹೇಳಿಲ್ಲ.