ಬನ್ನೂರು ದಾರಿಯ ಸಾಮೂಹಿಕ ತೋಟಕ್ಕೆ ಹೋಗುವವರು ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ

ಮೈಸೂರಿನಿಂದ ಬನ್ನೂರಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಕೆಲವು ಕುಟುಂಬಗಳು ಕೂಡಿ, ರಾಸಾಯನಿಕ ಗೊಬ್ಬರ ಮುಟ್ಟದೆ ತರಕಾರಿ ಬೆಳೆಯುತ್ತಿವೆ. ಆ ತೋಟವನ್ನು ನೋಡಲು ದುಡ್ಡು ಕೊಡಬೇಕಿಲ್ಲವೆಂಬುದು ನಮಗೆ ಗೊತ್ತಾದದ್ದು, ನಾವು ತಂಗಿದ್ದ ಹೋಂಸ್ಟೇಯವರು ‘ತೋಟ ದರ್ಶನ’ದ ಹೆಸರಿನಲ್ಲಿ ತಲೆಗೆ ನಾನೂರು ರೂಪಾಯಿ ಬಿಲ್ಲಿಗೆ ಸೇರಿಸಿದ ಮೇಲೆ. ತೋಟದವರಿಗೆ ಅದರಲ್ಲಿ ಬಿಡಿಗಾಸೂ ತಲುಪಿರಲಿಲ್ಲ. ಕೋಣೆಯ ಬಾಡಿಗೆಯೂ ವಿಪರೀತ, ಬಿಸಿನೀರಿಗೆ ಬೇರೆಯೇ ಲೆಕ್ಕ. ಆದ್ದರಿಂದ ಮೈಸೂರಿನಲ್ಲೇ ಉಳಿದು ಬೆಳಗಿನ ಬಸ್ಸು ಹಿಡಿಯುವುದು ಲೇಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾದಂದಿನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ ನೂಕುನುಗ್ಗಲು ಇದ್ದೇ ಇರುತ್ತದೆ. ನನಗೆ ಅದು ತೊಂದರೆಯೆನಿಸಲಿಲ್ಲ, ವಯಸ್ಸಾದವರು ಜೊತೆಗಿದ್ದರೆ ಯೋಚಿಸಿ.

ಬಿಸಿಲೇರುವ ಮೊದಲೇ ತೋಟ ತಲುಪಿದರೆ ಜೀವಾಮೃತ ಕಲಕುವುದನ್ನು ನೋಡಬಹುದು. ಇನ್ನೂರು ಲೀಟರ್ ನೀರಿಗೆ ಹತ್ತು ಕೆ.ಜಿ. ಸಗಣಿ, ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಹಿಡಿ ಮಣ್ಣು ಸೇರಿಸಿ, ನೆರಳಿನಲ್ಲಿಟ್ಟು ಎರಡು ದಿನ ಕೊಳೆಸುತ್ತಾರೆ. ಇದು ಗೊಬ್ಬರವಲ್ಲ, ಹಾಲಿಗೆ ಹಾಕುವ ಹೆಪ್ಪಿನಂತೆ ಮಣ್ಣಿನ ಜೀವಾಣುಗಳನ್ನು ಹೆಚ್ಚಿಸುವಂಥದ್ದು ಎಂದು ಅಲ್ಲಿನ ಹಿರಿಯಮ್ಮನೊಬ್ಬರು ವಿವರಿಸಿದರು. ಪಾತಿಗಳಿಗೆ ಒಣಹುಲ್ಲಿನ ಹೊದಿಕೆ, ಅಂಚಿಗೆ ಚೆಂಡುಹೂ, ಬದುವಿನಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಗ್ಲಿರಿಸಿಡಿಯ. ಮೈಸೂರಿನದೇ ತಳಿಯಾದ ಈರನಗೆರೆ ಬದನೆ ಕಂಡರೆ ಬಿಡಬೇಡಿ. ಹತ್ತು ಗಂಟೆಯ ಹೊತ್ತಿಗೆ ಖಾಲಿಯಾಗುತ್ತದೆ. ಹಾಗೆಯೇ, ಕಳೆ ಕೀಳಲು ಕುಳಿತವರೊಡನೆ ಮಾತು ತಾನಾಗಿ ಬೆಳೆಯುತ್ತದೆ, ಫೋನ್ ಹಿಡಿದು ನಿಂತವರಿಗೆ ಅವರು ಹೆಚ್ಚೇನೂ ಹೇಳುವುದಿಲ್ಲ.

ಊಟಕ್ಕೆ ಬನ್ನೂರಿಗೇ ಹೋಗಿ. ನಾವು ಹೊಕ್ಕ ಸಣ್ಣ ಮೆಸ್ಸಿಗೆ ಬೋರ್ಡು ಕೂಡ ಇರಲಿಲ್ಲ. ಬಿಸಿ ರಾಗಿ ಮುದ್ದೆ, ಹುರುಳಿಕಾಳಿನ ಉಪ್ಪೆಸರು, ಅದಕ್ಕೆ ಕಲಸಿಕೊಳ್ಳಲು ಒರಳಿನಲ್ಲಿ ಅರೆದ ಹಸಿಮೆಣಸಿನ ಖಾರ, ಬಸಿದ ಕಾಳಿನ ಪಲ್ಯ, ಕೊನೆಗೆ ಅನ್ನ ಮತ್ತು ನೀರುಮಜ್ಜಿಗೆ: ಇಷ್ಟಕ್ಕೂ ಅರವತ್ತು ರೂಪಾಯಿ. ಎರಡನೆಯ ಮುದ್ದೆಗೆ ಬೇರೆ ದುಡ್ಡಿಲ್ಲ, ಬೇಡವೆಂದರೂ ಅರ್ಧ ಮುರಿದು ಎಲೆಗೆ ಹಾಕುತ್ತಾರೆ. ಕೂರಲು ಜಾಗ ಸಾಲದು, ಒಂದು ಗಂಟೆಯ ನಂತರವಂತೂ ನಿಂತೇ ಉಣ್ಣಬೇಕು.

ಮಧ್ಯಾಹ್ನ ಬಿಡುವಿದ್ದರೆ ಅದೇ ರಸ್ತೆಯಲ್ಲಿ ಮಳವಳ್ಳಿ ಕಡೆಗೆ ಮುಂದುವರಿದು ಕಿರುಗಾವಲಿಗೆ ಹೋಗಿ. ಅಲ್ಲಿನ ರೈತ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ತಳಿಗಳನ್ನು ಗದ್ದೆಯಲ್ಲೇ, ತೆನೆಯೊಂದಿಗೆ ನೋಡಬೇಕೆಂದರೆ ಕೊಯ್ಲಿಗೆ ಮುಂಚೆ, ನವೆಂಬರ್ ಹೊತ್ತಿಗೆ ಪ್ರಯಾಣ ಇಟ್ಟುಕೊಳ್ಳಿ.